ಗೇಮ್ ಪ್ರೋಗ್ರಾಮಿಂಗ್ ಎಲೆಕ್ಟಿವ್: ತುಮಕೂರಿನಲ್ಲಿ ಓದಿದವಳ ಅಭಿಪ್ರಾಯ

ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಿದೆ. ಕೊನೆಯ ವರ್ಷ ಗೇಮ್ ಪ್ರೋಗ್ರಾಮಿಂಗ್ ಅನ್ನೋ ಎಲೆಕ್ಟಿವ್, ಅಂದರೆ ನಾವೇ ಆರಿಸಿಕೊಳ್ಳೋ ವಿಷಯ, ತಗೊಂಡಿದ್ದೆ. ನಮ್ಮ ಬೀದಿಯ ಪಿಯುಸಿ ಹುಡುಗರು ಈಗ ಅದರ ಬಗ್ಗೆ ಕೇಳುತ್ತಾ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೆಲವು ದೂರುಗಳೂ ಇರೋದರಿಂದ ಕಾಲೇಜಿನ ಹೆಸರು ಬೇಡ. ಐದಕ್ಕೆ ಎಷ್ಟು ಅಂದರೆ ಪಾಠಕ್ಕೆ ಐದು, ಲ್ಯಾಬಿಗೆ ಎರಡು, ಪರೀಕ್ಷೆಗೆ ಒಂದು.

ಮೊದಲು ಪಾಠದ ವಿಷಯ. ನಮ್ಮ ಮೇಷ್ಟ್ರು ಮೊದಲ ವಾರವೇ ಚೌಕಾಬಾರ ಆಡಿಸಿದರು. ಕಂಪ್ಯೂಟರಿನಲ್ಲಿ ಅಲ್ಲ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ನಾಲ್ಕು ಕವಡೆ ಇಟ್ಟುಕೊಂಡು. ಆಮೇಲೆ ಪ್ರೊಜೆಕ್ಟರಿನಲ್ಲಿ ಒಂದು ಪುಟ್ಟ ಕೋಡ್ ತೋರಿಸಿದರು. ಅದರಲ್ಲಿ 1, 2, 3, 4, 8 ಈ ಐದರಲ್ಲಿ ಯಾವುದಾದರೂ ಒಂದನ್ನು ಕಂಪ್ಯೂಟರ್ ಸುಮ್ನೆ ಆರಿಸುತ್ತಿತ್ತು. "ಇದನ್ನು ನಿಮ್ಮ ಅಜ್ಜಿಗೆ ಆಡೋಕೆ ಕೊಡಿ, ಏನಂತಾರೆ ನೋಡಿ" ಅಂದರು.

ಮನೆಗೆ ಹೋಗಿ ಅಜ್ಜಿಯ ಕೈಗೆ ಲ್ಯಾಪ್‌ಟಾಪ್ ಕೊಟ್ಟೆ. ಸ್ವಲ್ಪ ಹೊತ್ತು ಆಡಿ, "ಇಷ್ಟೊಂದು ಸಲ ಬಾರ ಬೀಳಲ್ಲ ಕಣೇ, ಇದು ಮೋಸದ ಆಟ" ಅಂದರು. ಅಜ್ಜಿ ಹೇಳಿದ್ದು ಅಪ್ಪಟ ಗಣಿತ. ಒಂದೊಂದು ಕವಡೆಯೂ ಮೇಲೆ ಅಥವಾ ಕೆಳಗೆ ಸಮಸಮ ಬೀಳುತ್ತದೆ ಅಂತ ಇಟ್ಟುಕೊಂಡರೆ, ನಾಲ್ಕು ಕವಡೆ ಒಟ್ಟು 16 ರೀತಿ ಬೀಳಬಹುದು. ನಾಲ್ಕೂ ಬೋರಲು ಬಿದ್ದರೆ ಎಂಟು, ಅಂದರೆ ಬಾರ. ಅದು 16ರಲ್ಲಿ ಒಂದೇ ಒಂದು ರೀತಿ. ಎರಡು ಬೀಳೋದಕ್ಕೆ ಆರು ರೀತಿಗಳಿವೆ. ಆ ಕೋಡಿನಲ್ಲಿ ಮಾತ್ರ ಐದು ಸಲಕ್ಕೆ ಒಂದು ಸಲ ಬಾರ. ಮೂರು ಪಟ್ಟಿಗಿಂತ ಜಾಸ್ತಿ! ಬಾರ ಬಿದ್ದರೆ ಇನ್ನೊಂದು ಆಟ ಸಿಗುತ್ತದೆ ಅಲ್ವಾ, ಹಾಗಾಗಿ ಇಡೀ ಆಟದ ಲಯವೇ ಕೆಟ್ಟುಹೋಗುತ್ತದೆ. ಮುಂದಿನ ಕ್ಲಾಸಿನಲ್ಲಿ ನಿಜವಾದ ಕವಡೆ ಎಸೆದು ಲೆಕ್ಕ ಬರೆಯೋ ಕೆಲಸ. ಕವಡೆಯ ಒಂದು ಕಡೆ ಗುಂಡು, ಇನ್ನೊಂದು ಕಡೆ ಚಪ್ಪಟೆ. ಅದು ಸಮಸಮ ಬೀಳಲೇಬೇಕು ಅಂತ ಏನಿಲ್ಲ. ಪುಸ್ತಕದ ಲೆಕ್ಕಕ್ಕೂ ನೆಲದ ಮೇಲಿನ ಕವಡೆಗೂ ಇರೋ ಈ ವ್ಯತ್ಯಾಸವನ್ನು ಕೋಡಿಗೆ ತಂದಾಗಲೇ ಆಟ ಆಟದ ಹಾಗೆ ಆಯಿತು. ಅಜ್ಜಿಯೂ ಒಪ್ಪಿದರು.

ಇನ್ನೊಂದು ಪಾಠ ನನಗೆ ತುಂಬಾ ಇಷ್ಟ. ಒಬ್ಬರು ಗುಂಡು ಹಾರಿಸೋ ಆಟ ಬರೆದಿದ್ದರು. ಗುಂಡು ಗೋಡೆಯನ್ನು ದಾಟಿ ಆಚೆ ಹೋಗುತ್ತಿತ್ತು, ಗೋಡೆಗೆ ಏನೂ ಆಗುತ್ತಿರಲಿಲ್ಲ. ಕೋಡಿನಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಗುಂಡಿನ ವೇಗ ಸೆಕೆಂಡಿಗೆ 1200 ಪಿಕ್ಸೆಲ್. ಪರದೆ ಸೆಕೆಂಡಿಗೆ 60 ಚಿತ್ರ ಬಿಡಿಸಿದರೆ ಗುಂಡು ಒಂದು ಚಿತ್ರದಿಂದ ಇನ್ನೊಂದಕ್ಕೆ 20 ಪಿಕ್ಸೆಲ್ ಜಿಗಿಯುತ್ತದೆ. ಗೋಡೆಯ ದಪ್ಪ 12 ಪಿಕ್ಸೆಲ್. ಈ ಚಿತ್ರದಲ್ಲಿ ಗೋಡೆಯ ಈಚೆ, ಮುಂದಿನ ಚಿತ್ರದಲ್ಲಿ ಆಚೆ. ಗೋಡೆಗೆ ತಾಗಿದ ಕ್ಷಣ ಅನ್ನೋದೇ ಕಂಪ್ಯೂಟರಿನ ಲೆಕ್ಕದಲ್ಲಿ ಇಲ್ಲ! ಲ್ಯಾಬಿನ ಹಳೆ ಸಿಸ್ಟಮ್‌ಗಳಲ್ಲಿ ವೇಗ 30 ಚಿತ್ರಕ್ಕೆ ಇಳಿದಾಗ ಜಿಗಿತ 40 ಪಿಕ್ಸೆಲ್, ಇನ್ನೂ ಕಷ್ಟ. ಗುಂಡಿನ ಹಳೆ ಜಾಗದಿಂದ ಹೊಸ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆ ಗೋಡೆಯನ್ನು ಮುಟ್ಟುತ್ತದಾ ಅಂತ ನೋಡೋದು ಇದಕ್ಕೆ ಪರಿಹಾರ. ಎರಡನೇ ಪಿಯುಸಿಯಲ್ಲಿ ಉರು ಹೊಡೆದಿದ್ದ ವೆಕ್ಟರ್ ಆವತ್ತು ನನಗೆ ನಿಜವಾಗಿ ಅರ್ಥ ಆಯಿತು. ಕಾವಲುಗಾರ ಆಟಗಾರನನ್ನು ನೋಡಿದನಾ ಇಲ್ಲವಾ ಅಂತ ಎರಡು ವೆಕ್ಟರ್‌ಗಳ ನಡುವಿನ ಕೋನ ತಿಳಿಸೋ ಡಾಟ್ ಪ್ರಾಡಕ್ಟ್ ಹೇಳುತ್ತದೆ ಅಂತ ನಮ್ಮ ಮ್ಯಾಥ್ಸ್ ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಎಂಜಿನ್, ಅಂದರೆ ಆಟ ಕಟ್ಟೋಕೆ ಬಳಸೋ ಸಾಫ್ಟ್‌ವೇರ್ ವಿಷಯಕ್ಕೆ ಬಂದರೆ ನಮಗೆ ಕಲಿಸಿದ್ದು ಗೋಡೋ. ಮುಂಚೆ ಯೂನಿಟಿ ಇತ್ತಂತೆ. ಒಂದೊಂದು ಇನ್‌ಸ್ಟಾಲ್‌ಗೂ ದುಡ್ಡು ತಗೊಳ್ಳುತ್ತೇವೆ ಅಂತ ಯೂನಿಟಿ 2023ರ ಸೆಪ್ಟೆಂಬರಿನಲ್ಲಿ ಹೇಳಿದಾಗ ಪ್ರಪಂಚದ ಗೇಮ್ ಮಾಡುವವರೆಲ್ಲ ಸಿಟ್ಟಾದರು. ಮರುವರ್ಷ ಕಂಪನಿ ಅದನ್ನು ಕೈಬಿಟ್ಟಿತು, ಆದರೆ ಅಷ್ಟರಲ್ಲಿ ನಮ್ಮ ಮೇಷ್ಟ್ರು ಗೋಡೋಗೆ ಬಂದಾಗಿತ್ತು. ನಮ್ಮಂಥವರಿಗೆ ಇದೇ ಸರಿ. ಪೂರ್ತಿ ಉಚಿತ. ಡೌನ್‌ಲೋಡ್ 200 ಎಂಬಿ ಕೂಡ ಆಗಲ್ಲ, ಇನ್‌ಸ್ಟಾಲ್ ಮಾಡೋದೂ ಬೇಡ, ಪೆನ್‌ಡ್ರೈವಿನಿಂದಲೇ ಓಡುತ್ತದೆ. ಅನ್‌ರಿಯಲ್ ಅನ್ನೋ ಇನ್ನೊಂದು ಎಂಜಿನ್ ಹಾಕಬೇಕು ಅಂದರೆ ಹತ್ತಾರು ಜಿಬಿ ಬೇಕು, ಪಿಜಿಯ ವೈಫೈನಲ್ಲಿ ಅದು ಆಗೋ ಮಾತಲ್ಲ. ಇನ್ನೊಂದು ದೊಡ್ಡ ಅನುಕೂಲ ಕನ್ನಡ ಅಕ್ಷರ. ಗೋಡೋ 4ರಿಂದ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಹಳೆಯ 3ರಲ್ಲಿ "ಮತ್ತೆ ಆಡಿ" ಅಂತ ಬಟನ್ ಮೇಲೆ ಬರೆದರೆ ತ-ಒತ್ತು ಕೆಳಗೆ ಇಳಿಯದೆ ಪಕ್ಕದಲ್ಲೇ ನಿಲ್ಲುತ್ತಿತ್ತು. ಕನ್ನಡದಲ್ಲಿ ಆಟ ಮಾಡಬೇಕು ಅನ್ನೋ ಆಸೆ ಇರುವವರಿಗೆ ಇದು ಚಿಕ್ಕ ವಿಷಯ ಅಲ್ಲವೇ ಅಲ್ಲ.

ಇನ್ನು ದೂರುಗಳು. ಈ ಎಲೆಕ್ಟಿವ್‌ಗಿಂತ ಮುಂಚೆ ಗ್ರಾಫಿಕ್ಸ್ ಲ್ಯಾಬ್ ಇರುತ್ತದೆ. ಬ್ರೆಸೆನ್‌ಹ್ಯಾಮ್ ಗೆರೆ, ತಿರುಗೋ ಬಣ್ಣದ ಕ್ಯೂಬ್, ಟೀಪಾಟ್. ಗೆರೆ ಎಳೆಯೋ ವಿಧಾನ 1962ರದ್ದು, ಅದನ್ನು ಕಲಿಯೋದು ಒಳ್ಳೆಯದೇ. ಬರೀ ಕೂಡೋದು ಕಳೆಯೋದರಲ್ಲಿ ಓರೆ ಗೆರೆ ಹೇಗೆ ಬರುತ್ತದೆ ಅಂತ ನೋಡಿದರೆ ಖುಷಿಯಾಗುತ್ತದೆ. ಆದರೆ ಆ ಲ್ಯಾಬಿನಲ್ಲಿ ಬರೆಸೋ ಓಪನ್ ಜಿಎಲ್ (ಗ್ರಾಫಿಕ್ಸ್ ಬಿಡಿಸೋಕೆ ಬಳಸೋ ಲೈಬ್ರರಿ) ಶೈಲಿಯನ್ನು 2008ರಲ್ಲೇ ಹಳತು ಅಂತ ಬದಿಗಿಟ್ಟಿದ್ದಾರೆ. ಇವತ್ತಿನ ಕೆಲಸವೆಲ್ಲ ಗ್ರಾಫಿಕ್ಸ್ ಚಿಪ್ಪಿನಲ್ಲೇ ಓಡೋ ಪುಟ್ಟ ಪ್ರೋಗ್ರಾಮುಗಳಾದ ಶೇಡರ್‌ಗಳಲ್ಲಿ. ನಮ್ಮ ಬ್ಯಾಚಿನಲ್ಲಿ ಶೇಡರ್ ಕಲಿತವರೆಲ್ಲ ರೂಮಿನಲ್ಲಿ ಕೂತು ತಾವೇ ಕಲಿತವರು. ಲ್ಯಾಬಿನ ಸಿಸ್ಟಮ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಇರಲಿಲ್ಲ. 3ಡಿ ಚಿತ್ರ ಮಾಡೋ ಬ್ಲೆಂಡರ್ ತೆರೆದರೆ ಮೌಸ್ ಕೂಡ ತಡವಾಗಿ ಅಲ್ಲಾಡುತ್ತಿತ್ತು. ಸ್ವಂತ ಲ್ಯಾಪ್‌ಟಾಪ್ ಇಲ್ಲದವರು ತಂಡದಲ್ಲಿ ಬೇರೆಯವರ ಪಕ್ಕ ಕೂತು ನೋಡೋದೇ ಆಯಿತು. ನನಗೆ ಇದು ಬಹಳ ಬೇಜಾರಿನ ಸಂಗತಿ, ಯಾಕೆಂದರೆ ನಮ್ಮಲ್ಲಿ ಚೆನ್ನಾಗಿ ಯೋಚನೆ ಮಾಡುವವಳೊಬ್ಬಳು ಪಾವಗಡದ ಕಡೆಯಿಂದ ಬಂದವಳು, ಅವಳ ಬಳಿ ಲ್ಯಾಪ್‌ಟಾಪ್ ಇರಲಿಲ್ಲ.

ಪರೀಕ್ಷೆಯಂತೂ ಕೇಳಲೇಬೇಡಿ. ಆಟದ ಕೋಡನ್ನು ಪೆನ್ನಿನಲ್ಲಿ ಹಾಳೆ ಮೇಲೆ ಬರೆಯಬೇಕು. ಆಡಿ ನೋಡದೆ ಆಟ ಸರಿ ಇದೆಯಾ ಇಲ್ಲವಾ ಅಂತ ಯಾರು ತಾನೇ ಹೇಳೋಕೆ ಸಾಧ್ಯ? ಪ್ರಾಜೆಕ್ಟಿಗೆ ಇದ್ದ ಅಂಕ ಕಡಿಮೆ. ಹಗಲೂ ರಾತ್ರಿ ಕೂತು ಆಟ ಮುಗಿಸಿದ ತಂಡಕ್ಕೂ, ಎಲ್ಲಿಂದಲೋ ತಂದು ಹೆಸರು ಬದಲಿಸಿದ ತಂಡಕ್ಕೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಚಿತ್ರ ಬಿಡಿಸುವವರು ಯಾರೂ ಇಲ್ಲ ಅನ್ನೋದು ಇನ್ನೊಂದು ಕೊರತೆ. ಎಲ್ಲರೂ ಕೋಡ್ ಬರೆಯುವವರೇ. ಕೆನ್ನಿ ಅನ್ನೋ ತಾಣದಲ್ಲಿ ಉಚಿತ ಚಿತ್ರಗಳು ಸಿಗುತ್ತವೆ, ನಾವು ಅದನ್ನೇ ಬಳಸಿದೆವು. ಊರಲ್ಲೇ ಚಿತ್ರಕಲೆ ಓದುವ ಮಕ್ಕಳಿದ್ದಾರೆ. ಒಂದು ಸೆಮಿಸ್ಟರ್ ಅವರ ಜೊತೆ ಕೂರಿಸಿದರೆ ಇಬ್ಬರಿಗೂ ಲಾಭ.

ಕೆಲಸ ಸಿಗುತ್ತದಾ? ಕ್ಯಾಂಪಸ್ಸಿಗೆ ಒಂದೂ ಗೇಮ್ ಕಂಪನಿ ಬರಲಿಲ್ಲ. ಬರೋದು ಮಾಮೂಲಿ ಸಾಫ್ಟ್‌ವೇರ್ ಕಂಪನಿಗಳು. ಸ್ಟುಡಿಯೋಗಳೆಲ್ಲ ಬೆಂಗಳೂರು, ಪುಣೆ, ಹೈದರಾಬಾದ್ ಕಡೆ. ಬೆಂಗಳೂರು ನಮಗೆ 70 ಕಿಲೋಮೀಟರ್, ಟ್ರೈನಿನಲ್ಲಿ ಹೋಗಿ ಬರಬಹುದು. ಅಲ್ಲಿ ನಡೆಯುವ, ಕೆಲವೇ ದಿನದಲ್ಲಿ ಆಟ ಮಾಡಿ ಮುಗಿಸೋ ಗೇಮ್ ಜಾಮ್‌ಗಳಿಗೆ ಹೋಗಿ, ಎಷ್ಟೇ ಚಿಕ್ಕದಾದರೂ ಪೂರ್ತಿ ಮುಗಿದ ಆಟ ಒಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ಇಂಟರ್ವ್ಯೂನಲ್ಲಿ ನನ್ನ ಅಂಕಪಟ್ಟಿಯ ಬಗ್ಗೆ ಯಾರೂ ಕೇಳಲಿಲ್ಲ. ನಾನು ಮಾಡಿದ್ದ ಚೌಕಾಬಾರವನ್ನು ಅವರೇ ಆಡಿ ನೋಡಿ, ಕವಡೆಯ ಲೆಕ್ಕದ ಬಗ್ಗೆಯೇ ತುಂಬಾ ಹೊತ್ತು ಕೇಳಿದರು. ರಾಜ್ಯ ಸರ್ಕಾರವೂ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ಅಂತಲೇ 2024ರಿಂದ 2029ರವರೆಗಿನ ನೀತಿ ತಂದಿದೆ. ಅದರ ಫಲ ತುಮಕೂರಿನ ಲ್ಯಾಬುಗಳವರೆಗೂ ಬರಲಿ ಅಂತ ನನ್ನ ಆಸೆ.

ಮನೆಯವರಿಗೂ ಒಂದು ಮಾತು. "ಗೇಮ್" ಅಂದ ತಕ್ಷಣ ರಮ್ಮಿ, ಬೆಟ್ಟಿಂಗ್ ಅಂತ ಹೆದರಬೇಡಿ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ನಿಷೇಧಿಸೋ ಕಾಯ್ದೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತು. ಮಕ್ಕಳು ಇಲ್ಲಿ ಕಲಿಯೋದು ಅದಲ್ಲ, ಗಣಿತ ಮತ್ತು ಪ್ರೋಗ್ರಾಮಿಂಗ್.

ಹಾಗಾದರೆ ತಗೊಳ್ಳಬೇಕಾ? ಆಟ ಆಡೋದು ಇಷ್ಟ ಅನ್ನೋ ಒಂದೇ ಕಾರಣಕ್ಕೆ ಬೇಡ. ಒಂದು ಆಟ ಯಾಕೆ ಹಾಗೆ ನಡೆಯುತ್ತದೆ ಅಂತ ತಲೆ ಕೆಡಿಸಿಕೊಳ್ಳುವವರಾದರೆ ಖಂಡಿತ ತಗೊಳ್ಳಿ. ಸೇರೋ ಮೊದಲು ವಿಭಾಗಕ್ಕೆ ಹೋಗಿ ಎರಡು ವಿಷಯ ಕೇಳಿ. ಹೋದ ವರ್ಷದ ಮಕ್ಕಳು ಮಾಡಿದ ಆಟ ತೋರಿಸಿ ಅನ್ನಿ, ಕೂತು ಆಡಿ ನೋಡಿ. ಆಮೇಲೆ ಪಾಠ ಮಾಡೋದು ಯಾರು ಅಂತ ವಿಚಾರಿಸಿ. ನಮ್ಮ ಮೇಷ್ಟ್ರು ಈ ವರ್ಷವೂ ಅದೇ ಪಾಠ ಮಾಡುತ್ತಿದ್ದಾರೆ, ಲ್ಯಾಬಿನಲ್ಲಿ ಮಾತ್ರ ಅದೇ ಹಳೆ ಸಿಸ್ಟಮ್‌ಗಳು. ಆಗೋದಾದರೆ 16 ಜಿಬಿ ರ‍್ಯಾಮ್ ಇರೋ ಲ್ಯಾಪ್‌ಟಾಪ್ ತಗೊಂಡೇ ಸೇರಿಕೊಳ್ಳಿ.