ಹೊಸ ಬಿಡುಗಡೆಯೋ, ಪ್ರಶಸ್ತಿ ಚಿತ್ರವೋ? ಎರಡನ್ನೂ ಎರಡೂ ಕಡೆ ನೋಡಿದ ಮೇಲೆ

ಶುಕ್ರವಾರ ಬಂತು ಅಂದರೆ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಈ ವಾರ ಬಂದಿರುವ ಹೊಸ ಸಿನಿಮಾಕ್ಕೆ ಹೋಗೋದಾ, ಇಲ್ಲಾ ಪ್ರಶಸ್ತಿ ಬಂದು ಒಟಿಟಿಯಲ್ಲಿರುವ ಸಿನಿಮಾ ಹಾಕೋದಾ? ವಾರಕ್ಕೆ ಒಂದೇ ಸಂಜೆ ಬಿಡುವು ಸಿಗುವವರಿಗೆ ಇದು ಸಣ್ಣ ಪ್ರಶ್ನೆ ಅಲ್ಲ.

ಹೆಚ್ಚಿನವರು ಮಾಡೋದು ಇಷ್ಟೆ. ಹೊಸದನ್ನು ಥಿಯೇಟರ್‌ನಲ್ಲಿ ನೋಡ್ತೀವಿ. ಪ್ರಶಸ್ತಿ ಚಿತ್ರವನ್ನು ಮನೆಯಲ್ಲಿ, ಎಷ್ಟೋ ಸಲ ಮೊಬೈಲ್‌ನಲ್ಲಿ, ಊಟ ಮಾಡುತ್ತಾ ನೋಡಿ ಮುಗಿಸ್ತೀವಿ. ನಾನೂ ಹಾಗೇ ಮಾಡಿಕೊಂಡು ಬಂದಿದ್ದೆ. 2025ರಲ್ಲಿ ಕೆಲವು ತಿಂಗಳು ಬೇಕಂತಲೇ ಇದನ್ನು ಅದಲು ಬದಲು ಮಾಡಿದೆ. ಸಾಧ್ಯವಾದಾಗಲೆಲ್ಲ ಪ್ರಶಸ್ತಿ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡಿದೆ. ಹೊಸ ಬಿಡುಗಡೆಗಳಲ್ಲಿ ಕೆಲವನ್ನು ಒಟಿಟಿಗೆ ಬರುವ ತನಕ ಕಾದು ಮನೆಯಲ್ಲಿ ನೋಡಿದೆ. ಕೆಲವನ್ನು ಎರಡೂ ಕಡೆ ನೋಡಿದೆ.

ಮೊದಲು ‘ಫ್ಲೋ’ ಬಗ್ಗೆ ಹೇಳಬೇಕು, ಯಾಕಂದರೆ ನನ್ನ ಅಭಿಪ್ರಾಯ ಬದಲಾಗಿದ್ದೇ ಅಲ್ಲಿಂದ. ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋದಿಸ್ ಮಾಡಿದ ಅನಿಮೇಷನ್ ಚಿತ್ರ ಇದು. 2025ರ ಮಾರ್ಚ್‌ನಲ್ಲಿ ಆಸ್ಕರ್ ಬಂತು, ಆ ದೇಶಕ್ಕೆ ಅದೇ ಮೊದಲ ಆಸ್ಕರ್. ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದಾದ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು. ಎಷ್ಟೋ ಪಟ್ಟು ಜಾಸ್ತಿ ಖರ್ಚಿನ ‘ಇನ್‌ಸೈಡ್ ಔಟ್ 2’, ‘ದಿ ವೈಲ್ಡ್ ರೋಬಾಟ್’ ಜೊತೆ ಸ್ಪರ್ಧಿಸಿ ಗೆದ್ದಿತು. ಇಡೀ ಚಿತ್ರದಲ್ಲಿ ಒಂದೂ ಮಾತಿಲ್ಲ. ನೆರೆ ಬರುತ್ತದೆ, ಒಂದು ಬೆಕ್ಕು ದೋಣಿ ಹತ್ತುತ್ತದೆ, ಅದರ ಜೊತೆ ಇನ್ನಷ್ಟು ಪ್ರಾಣಿಗಳು. ಅಷ್ಟೇ ಕಥೆ.

ಮೊದಲ ಸಲ ಇದನ್ನು ಮೊಬೈಲ್‌ನಲ್ಲಿ ನೋಡಿದೆ. ಚೆನ್ನಾಗಿದೆ ಅನ್ನಿಸಿತು, ಅಷ್ಟೇ. ಮಾತಿಲ್ಲದ್ದರಿಂದ ಮಧ್ಯೆ ಎರಡು ಸಲ ಮೆಸೇಜ್ ನೋಡಿದೆ. ಏನೂ ತಪ್ಪಿಹೋಗಲಿಲ್ಲ ಅಂದುಕೊಂಡಿದ್ದೆ. ಆಮೇಲೆ ಒಂದು ಫಿಲ್ಮ್ ಸೊಸೈಟಿಯವರು ದೊಡ್ಡ ಪರದೆಯಲ್ಲಿ ಹಾಕಿದಾಗ ಹೋದೆ. ಬೇರೆಯೇ ಸಿನಿಮಾ ನೋಡಿದ ಹಾಗಾಯಿತು! ಬೆಕ್ಕು ಹೆದರಿದಾಗ ಮೊದಲು ಅದರ ಕಿವಿ ಹಿಂದಕ್ಕೆ ಹೋಗುತ್ತದೆ, ಆಮೇಲೆ ಕಣ್ಣು ದೊಡ್ಡದಾಗುತ್ತದೆ. ಮೊಬೈಲ್‌ನಲ್ಲಿ ಆ ಕಿವಿ ನನಗೆ ಕಂಡೇ ಇರಲಿಲ್ಲ. ನೀರಿನ ಸದ್ದು ಹಿಂದಿನಿಂದ ಬಂದಾಗ ಪಕ್ಕದಲ್ಲಿದ್ದ ಮಗು ಕಾಲು ಎತ್ತಿ ಕುರ್ಚಿ ಮೇಲೆ ಇಟ್ಟುಕೊಂಡಿತು. ಮಾತಿಲ್ಲದ ಸಿನಿಮಾದಲ್ಲಿ ಕಥೆ ಹೇಳೋದು ಇಂಥ ಸಣ್ಣ ಸಣ್ಣ ವಿಷಯಗಳೇ. ಅದು ಕಾಣದಿದ್ದರೆ ಕಥೆಯೇ ಕಂಡಂತಲ್ಲ, ಅಲ್ವಾ?

‘ಆಲ್ ವಿ ಇಮ್ಯಾಜಿನ್ ಆ್ಯಸ್ ಲೈಟ್’ ವಿಷಯದಲ್ಲಿ ಕ್ರಮ ಉಲ್ಟಾ. ಥಿಯೇಟರ್‌ನಲ್ಲಿ ಮೊದಲು, ಮನೆಯಲ್ಲಿ ಆಮೇಲೆ. ಪಾಯಲ್ ಕಪಾಡಿಯಾ ಅವರ ಈ ಚಿತ್ರ 2024ರಲ್ಲಿ ಫ್ರಾನ್ಸ್‌ನ ಕಾನ್ ಚಿತ್ರೋತ್ಸವದಲ್ಲಿ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರ್ಯಾಂಡ್ ಪ್ರಿ ಗೆದ್ದಿತು. ಅಲ್ಲಿನ ಮುಖ್ಯ ಸ್ಪರ್ಧೆಗೆ ಭಾರತದ ಚಿತ್ರವೊಂದು ಹೋಗಿದ್ದೇ 30 ವರ್ಷಗಳ ನಂತರ. ಮುಂಬೈಯಲ್ಲಿ ಕೆಲಸ ಮಾಡುವ ಮಲಯಾಳಿ ನರ್ಸ್‌ಗಳ ಕಥೆ. ಪ್ರಭಾ ಎಂಬ ನರ್ಸ್‌ಗೆ ಒಂದು ಕೆಂಪು ರೈಸ್ ಕುಕ್ಕರ್ ಪಾರ್ಸೆಲ್ ಬರುತ್ತದೆ, ಜರ್ಮನಿಯಲ್ಲಿ ಮಾಡಿದ್ದು. ಗಂಡ ಅಲ್ಲೇ ಇರೋದು, ಮಾತುಕತೆ ನಿಂತುಹೋಗಿದೆ. ಒಂದು ರಾತ್ರಿ ಅವಳು ನೆಲದ ಮೇಲೆ ಕೂತು ಆ ಕುಕ್ಕರ್ ಅನ್ನು ತಬ್ಬಿಕೊಳ್ಳುತ್ತಾಳೆ. ಥಿಯೇಟರ್‌ನಲ್ಲಿ ಆ ಹೊತ್ತು ಯಾರೂ ಅಲುಗಾಡಲಿಲ್ಲ. ಮನೆಯಲ್ಲಿ ಎರಡನೇ ಸಲ ನೋಡುವಾಗ ಸರಿಯಾಗಿ ಅದೇ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ನಿಲ್ಲಿಸಿದೆ, ಹೋಗಿ ಬಂದೆ, ಮತ್ತೆ ಶುರು ಮಾಡಿದೆ. ಆದರೆ ಆ ದೃಶ್ಯ ಹಿಂದಿನಂತೆ ಹಿಡಿಯಲಿಲ್ಲ.

ಎಲ್ಲ ಪ್ರಶಸ್ತಿ ಚಿತ್ರಗಳಿಗೂ ಹೀಗೇ ಆಗುತ್ತೆ ಅಂತ ಹೇಳೋಕಾಗಲ್ಲ. ‘ಅನೋರಾ’ 2024ರಲ್ಲಿ ಕಾನ್‌ನ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್, 2025ರಲ್ಲಿ ಅತ್ಯುತ್ತಮ ಚಿತ್ರವೂ ಸೇರಿ 5 ಆಸ್ಕರ್ ಪಡೆಯಿತು. ಅದರಲ್ಲಿ 4 ನಿರ್ದೇಶಕ ಶಾನ್ ಬೇಕರ್ ಒಬ್ಬರಿಗೇ ಬಂದವು. ಟಿವಿಯಲ್ಲಿ ನೋಡಿದೆ, ಏನೂ ಕಮ್ಮಿ ಅನ್ನಿಸಲಿಲ್ಲ. ಮಾತು, ಜಗಳ, ಓಡಾಟ, ಎಲ್ಲವೂ ಎಷ್ಟು ಚುರುಕಾಗಿದೆ ಅಂದರೆ ಕೈ ಮೊಬೈಲ್ ಕಡೆ ಹೋಗೋದೇ ಇಲ್ಲ. ಆದರೆ ಮನೆಮಂದಿಯೆಲ್ಲ ಕೂತು ನೋಡುವ ಚಿತ್ರ ಅದಲ್ಲ, ನೆನಪಿರಲಿ.

‘ದಿ ಬ್ರೂಟಲಿಸ್ಟ್’ ಅನ್ನು ಮಾತ್ರ ನಾನೇ ಹಾಳು ಮಾಡಿಕೊಂಡೆ. 215 ನಿಮಿಷದ ಚಿತ್ರ, ಅದರೊಳಗೇ ನಿರ್ದೇಶಕರು 15 ನಿಮಿಷದ ಇಂಟರ್ವಲ್ ಇಟ್ಟಿದ್ದಾರೆ. ಪರದೆ ಮೇಲೆ ಒಂದು ಹಳೆಯ ಮದುವೆ ಫೋಟೋ, ಪಕ್ಕದಲ್ಲಿ ಇಳಿಯುತ್ತಾ ಹೋಗುವ ಸಮಯ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅಂತ ಅವರೇ ಯೋಚಿಸಿ ಇಟ್ಟ ಜಾಗ ಅದು. ನಾನು ಮೂರು ರಾತ್ರಿ, ಮೂರು ತುಂಡು ಮಾಡಿ ನೋಡಿದೆ. ಏಡ್ರಿಯನ್ ಬ್ರೋಡಿಗೆ ಅತ್ಯುತ್ತಮ ನಟ ಆಸ್ಕರ್ ತಂದುಕೊಟ್ಟ ಅಭಿನಯ ಅದು, ಆದರೆ ಮೂರನೇ ರಾತ್ರಿ ಹೊತ್ತಿಗೆ ಮೊದಲ ರಾತ್ರಿಯ ಮುಖವೇ ನೆನಪಿರಲಿಲ್ಲ. ಒಂದೇ ಸಲ ಕೂರೋಕೆ ಆಗದಿದ್ದರೆ ಇದನ್ನು ಮುಂದಕ್ಕೆ ಹಾಕಿ. ಅವಸರ ಏನೂ ಇಲ್ಲ.

ಈಗ ಹೊಸ ಬಿಡುಗಡೆಗಳು. ಇಲ್ಲಿ ನನಗೆ ಸಿಕ್ಕಿದ್ದು ಒಂದೇ ಮುಖ್ಯ ವಿಷಯ: ಹೊಸ ಸಿನಿಮಾದಲ್ಲಿ ನಾವು ದುಡ್ಡು ಕೊಡೋದು ಅರ್ಧ ಸಿನಿಮಾಕ್ಕೆ, ಇನ್ನರ್ಧ ಜೊತೆಗೆ ಕೂತ ಜನಕ್ಕೆ. 2025ರ ಜುಲೈನಲ್ಲಿ ಬಂದ ‘ಸು ಫ್ರಮ್ ಸೋ’ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡ ಸ್ಟಾರ್‌ಗಳಿಲ್ಲ, ಜೆ.ಪಿ. ತುಮಿನಾಡ್ ಅವರ ಮೊದಲ ನಿರ್ದೇಶನ. ನೋಡಿದವರು ಹೇಳಿದ್ದೇ ಪ್ರಚಾರ, ಶೋಗಳು ದಿನದಿಂದ ದಿನಕ್ಕೆ ಜಾಸ್ತಿಯಾದವು. ತುಂಬಿದ ಥಿಯೇಟರ್‌ನಲ್ಲಿ ರವಿಯಣ್ಣನ ಪಾತ್ರ ಪರದೆ ಮೇಲೆ ಬಂದರೆ ಸಾಕು, ಮಾತು ಶುರುವಾಗೋ ಮೊದಲೇ ಜನ ನಗುತ್ತಿದ್ದರು. ಒಂದು ನಗು ಮುಗಿಯೋದರೊಳಗೆ ಇನ್ನೊಂದು, ಅರ್ಧ ಮಾತು ಕೇಳಿಸಲೇ ಇಲ್ಲ. ಮನೆಯಲ್ಲಿ ನೋಡಿದಾಗ ತಪ್ಪಿದ್ದ ಮಾತುಗಳೆಲ್ಲ ಸ್ಪಷ್ಟವಾಗಿ ಕೇಳಿಸಿದವು, ಖುಷಿಯೂ ಆಯಿತು. ಆದರೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಥಿಯೇಟರ್‌ನಲ್ಲಿ ಮಾತ್ರ.

ಇದೇ ಮಾತು ಎಲ್ಲ ಹೊಸ ಚಿತ್ರಕ್ಕೂ ಅನ್ವಯಿಸಲ್ಲ. ಆ ತಿಂಗಳುಗಳಲ್ಲಿ ದೊಡ್ಡ ಹೆಸರಿನ, ದೊಡ್ಡ ಪ್ರಚಾರದ ಮೂರು ಚಿತ್ರಗಳಿಗೆ ಮೊದಲ ದಿನವೇ ಹೋದೆ. ಮೂರರಲ್ಲೂ ಮೊದಲ ಅರ್ಧ ಗಂಟೆ ಶಿಳ್ಳೆ, ಆಮೇಲೆ ಸಾಲು ಸಾಲಾಗಿ ಮೊಬೈಲ್ ಬೆಳಕು. ಜನ ಎಲ್ಲಿ ಮೊಬೈಲ್ ತೆಗೀತಾರೆ ನೋಡಿ, ಕಥೆ ಅಲ್ಲೇ ಸತ್ತಿರುತ್ತದೆ. ಇವನ್ನು ಸೋಮವಾರದ ತನಕ ಕಾದಿದ್ದರೆ ಗೊತ್ತಾಗುತ್ತಿತ್ತು. ಶನಿವಾರ, ಭಾನುವಾರ ರಜೆ ಅಂತ ಜನ ಬಂದೇ ಬರ್ತಾರೆ, ಸೋಮವಾರವೂ ಬಂದರೆ ಮಾತ್ರ ಸಿನಿಮಾದಲ್ಲಿ ಏನೋ ಇದೆ ಅಂತ. ಮೊದಲ ದಿನದ ಸ್ಟಾರ್ ರೇಟಿಂಗ್‌ಗಿಂತ ನನಗೆ ಇದೇ ಹೆಚ್ಚು ನಂಬಿಕೆ.

ಎರಡೂ ಆಗಿರುವ ಚಿತ್ರಗಳೂ ಉಂಟು. ‘ಕಾಂತಾರ’ವನ್ನು 2022ರ ಸೆಪ್ಟೆಂಬರ್ 30ರ ಬಿಡುಗಡೆಯ ಮೊದಲ ವಾರವೇ ನೋಡಿದ್ದೆ. ರಿಷಬ್ ಶೆಟ್ಟಿಯವರಿಗೆ ರಾಷ್ಟ್ರ ಪ್ರಶಸ್ತಿ ಘೋಷಣೆಯಾಗಿದ್ದು 2024ರ ಆಗಸ್ಟ್ 16ಕ್ಕೆ. ಆ ಖುಷಿಗೆ ಅವತ್ತು ರಾತ್ರಿ ಟಿವಿಯಲ್ಲಿ ಮತ್ತೆ ಹಾಕಿದೆವು. ಕೊನೆಯಲ್ಲಿ ಗುಳಿಗನ ಕೂಗು ಬರುವಾಗ ಅಪ್ಪ ರಿಮೋಟ್ ತಗೊಂಡು ಸೌಂಡ್ ಕಮ್ಮಿ ಮಾಡಿದರು, ಪಕ್ಕದ ಮನೆಯವರಿಗೆ ತೊಂದರೆ ಆಗಬಾರದು ಅಂತ. ತಪ್ಪು ಅಪ್ಪನದಲ್ಲ. ಆದರೆ ಆ ಕೂಗು ಕಮ್ಮಿ ಮಾಡಿ ಕೇಳುವಂಥದ್ದಲ್ಲ.

ರಾಷ್ಟ್ರ ಪ್ರಶಸ್ತಿಯ ದೊಡ್ಡ ತೊಂದರೆಯೂ ಇದೇ. 2025ರ ಆಗಸ್ಟ್ 1ಕ್ಕೆ ಘೋಷಣೆಯಾದ 71ನೇ ಪ್ರಶಸ್ತಿ 2023ರ ಚಿತ್ರಗಳಿಗೆ. ‘12ತ್ ಫೇಲ್’ಗೆ ಅತ್ಯುತ್ತಮ ಚಿತ್ರ, ‘ಕಂದೀಲು’ಗೆ ಅತ್ಯುತ್ತಮ ಕನ್ನಡ ಚಿತ್ರ. ಹೆಸರು ಕೇಳಿ ನೋಡಬೇಕು ಅನ್ನಿಸುವ ಹೊತ್ತಿಗೆ ಚಿತ್ರ ಥಿಯೇಟರ್‌ನಿಂದ ಹೋಗಿ ಎಷ್ಟೋ ಕಾಲ ಆಗಿರುತ್ತದೆ. ಘೋಷಣೆಯಾದ ವಾರ ಆ ಚಿತ್ರಗಳಿಗೆ ದಿನಕ್ಕೊಂದು ಶೋ ಕೊಟ್ಟರೆ ಸಾಕು. ಇದು ನನ್ನ ಬಹಳ ದಿನದ ಆಸೆ.

ಯಾವ ಪ್ರಶಸ್ತಿಯ ಪಟ್ಟಿ ನಂಬಬಹುದು? ನನಗೆ ಜಾಸ್ತಿ ಒಗ್ಗಿದ್ದು ಕಾನ್ ಪಟ್ಟಿ. ಅಲ್ಲಿನ ಮುಖ್ಯ ಸ್ಪರ್ಧೆಯ ತೀರ್ಪುಗಾರರು 9 ಜನ, ಹನ್ನೆರಡು ದಿನದೊಳಗೆ ಎಲ್ಲ ಚಿತ್ರಗಳನ್ನೂ ದೊಡ್ಡ ಪರದೆಯಲ್ಲೇ ನೋಡಿ ಕೂತು ಚರ್ಚೆ ಮಾಡ್ತಾರೆ. ಆಸ್ಕರ್‌ಗೆ ಮತ ಹಾಕುವವರು ಸಾವಿರಾರು ಜನ. ಒಂದು ವಿಭಾಗದಲ್ಲಿ ಕೊನೆಯ ಮತ ಹಾಕಬೇಕಾದರೆ ಅಲ್ಲಿ ನಾಮನಿರ್ದೇಶನಗೊಂಡ ಎಲ್ಲ ಚಿತ್ರಗಳನ್ನೂ ನೋಡಿರಲೇಬೇಕು ಅನ್ನೋ ನಿಯಮ ಅವರು ತಂದಿದ್ದೇ 2025ರ ಏಪ್ರಿಲ್‌ನಲ್ಲಿ! ಹಾಗಾಗಿ ಆಸ್ಕರ್ ಪಟ್ಟಿಯಲ್ಲಿ ನಾನು ಅತ್ಯುತ್ತಮ ಚಿತ್ರಕ್ಕಿಂತ ಮೊದಲು ನೋಡೋದು ಅನಿಮೇಷನ್, ಸಾಕ್ಷ್ಯಚಿತ್ರ ಮತ್ತು ಅಂತಾರಾಷ್ಟ್ರೀಯ ಚಿತ್ರ ವಿಭಾಗಗಳನ್ನು.

ಆ ಅಂತಾರಾಷ್ಟ್ರೀಯ ವಿಭಾಗದಲ್ಲೇ ಸಿಕ್ಕಿದ್ದು ‘ಐ ಆ್ಯಮ್ ಸ್ಟಿಲ್ ಹಿಯರ್’, ಬ್ರೆಜಿಲ್‌ನ ವಾಲ್ಟರ್ ಸಾಲೆಸ್ ಅವರ ಚಿತ್ರ. 1971ರಲ್ಲಿ ಅಲ್ಲಿನ ಸೇನಾಡಳಿತ ಎತ್ತಿಕೊಂಡು ಹೋದ ರೂಬೆನ್ಸ್ ಪೈವಾ ಮತ್ತು ಅವರ ಹೆಂಡತಿ ಯೂನಿಸ್ ಅವರ ನಿಜ ಕಥೆ. ದೊಡ್ಡ ಪರದೆಯಲ್ಲಿ ನೋಡುವ ಅವಕಾಶ ನನಗೆ ಸಿಗಲಿಲ್ಲ. ಅದಕ್ಕೆ ಮನೆಯಲ್ಲೇ ಥಿಯೇಟರ್ ಥರ ನೋಡೋಣ ಅಂತ ಅಮ್ಮನನ್ನು ಕೂರಿಸಿಕೊಂಡೆ. ದೀಪ ಆರಿಸಿದೆ. ಎರಡೂ ಮೊಬೈಲ್ ಒಳಗಿನ ಕೋಣೆಯಲ್ಲಿಟ್ಟೆ. ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಕಷ್ಟ, ನಾನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಗಂಡ ಇನ್ನು ಬರಲ್ಲ ಅಂತ ಗೊತ್ತಾದ ಮೇಲೆ ಯೂನಿಸ್ ಮಕ್ಕಳನ್ನು ಐಸ್‌ಕ್ರೀಂ ಅಂಗಡಿಗೆ ಕರೆದುಕೊಂಡು ಹೋಗುತ್ತಾರೆ. ಮಕ್ಕಳಿಗೆ ಇನ್ನೂ ಹೇಳಿಲ್ಲ. ಸುಮ್ನೆ ಸುತ್ತಲಿನ ಟೇಬಲ್‌ಗಳನ್ನು ನೋಡುತ್ತಾರೆ, ಅಲ್ಲಿ ನಗುತ್ತಾ ಕೂತ ಸಂಸಾರಗಳನ್ನು.

ನಾನು ಏನೋ ಹೇಳೋಕೆ ಬಾಯಿ ತೆಗೆದೆ. ಅಮ್ಮ ನನ್ನ ಕೈ ಮೇಲೆ ಕೈ ಇಟ್ಟು, “ಹೇಳಬೇಡ ಕಣೋ, ಗೊತ್ತಾಗ್ತಿದೆ” ಅಂದರು. ಅಲ್ಲಿಂದ ಕೊನೆ ತನಕ ನಾನು ಒಂದು ಮಾತನ್ನೂ ಕನ್ನಡ ಮಾಡಲಿಲ್ಲ.