ಪೆನ್ ಟೂಲ್ ಕಲಿಯಲು ಯಾವುದು ಮೇಲು: ಇಂಕ್‌ಸ್ಕೇಪ್, ಇಲ್ಲಸ್ಟ್ರೇಟರ್, ಫಿಗ್ಮಾ

ಹೊಸ ಡಿಸೈನ್ ಸಾಫ್ಟ್‌ವೇರ್ ಕಲಿಯಲು ಕೂತವರು ಬಣ್ಣ, ಫಾಂಟ್, ಲೇಯರ್ ಎಲ್ಲವನ್ನೂ ಹೇಗೋ ಹಿಡಿದುಬಿಡುತ್ತಾರೆ. ತಡವರಿಸುವುದು ಬಿಂದುಗಳನ್ನಿಟ್ಟು ಗೆರೆ ಎಳೆಯುವ ಪೆನ್ ಟೂಲ್ ಹತ್ತಿರ. ಅದಕ್ಕೇ ಮೂರು ಸಾಫ್ಟ್‌ವೇರ್‌ಗಳಲ್ಲಿ ಒಂದೇ ಚಿತ್ರ ಬಿಡಿಸಿ ನೋಡಿದೆ: ಒಂದು ಕೊಕ್ಕರೆ. ಉದ್ದ ಕತ್ತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಬಾಗಬೇಕು. ಕೊಕ್ಕಿನ ತುದಿ ಚೂಪಾಗಿರಬೇಕು. ಕಾಲಿನ ಬೆರಳುಗಳು ಒಂದೇ ಬಿಂದುವಿನಿಂದ ಕವಲೊಡೆಯಬೇಕು. ಗೆರೆಯ ಕಷ್ಟಗಳೆಲ್ಲ ಒಂದೇ ಹಕ್ಕಿಯಲ್ಲಿ ಸಿಗುತ್ತವೆ. ಮಸುಕಾದ ಸ್ಕೆಚ್ ಒಂದನ್ನು ಕೆಳಗಿನ ಲೇಯರ್‌ನಲ್ಲಿ ಇಟ್ಟು, ಲಾಕ್ ಮಾಡಿ, ಅದರ ಮೇಲೆ ಎಳೆದೆ.

ಮೂರರಲ್ಲೂ ಗೆರೆಯ ಲೆಕ್ಕ ಒಂದೇ. 1960ರ ದಶಕದಲ್ಲಿ ರೆನೋ ಕಾರು ಕಂಪನಿಯ ಇಂಜಿನಿಯರ್ ಪಿಯರ್ ಬೆಜಿಯೆ ಕಾರಿನ ಮೈಯ ತಿರುವುಗಳನ್ನು ರೂಪಿಸಲು ಬಳಸಿ ಹೆಸರಾದ ಗೆರೆ ಇದು. ಎರಡು ನೋಡ್ ಅಂದರೆ ಬಿಂದುಗಳು, ಅವುಗಳಿಂದ ಹೊರಡುವ ಕಡ್ಡಿಗಳಂಥ ಹ್ಯಾಂಡಲ್‌ಗಳು, ಅಷ್ಟೇ. ಹ್ಯಾಂಡಲ್ ಯಾವ ಕಡೆ ಮುಖ ಮಾಡಿದೆಯೋ ಗೆರೆ ಆ ಕಡೆ ಹೊರಡುತ್ತದೆ. ಹ್ಯಾಂಡಲ್ ಉದ್ದವಾದಷ್ಟೂ ಜಾಸ್ತಿ ದೂರ ಹೋಗಿ ತಿರುಗುತ್ತದೆ. ಹಾಗಾಗಿ ಒಂದರಲ್ಲಿ ಕಲಿತದ್ದು ಇನ್ನೊಂದರಲ್ಲಿ ದಂಡವಾಗುವುದಿಲ್ಲ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ: ಗೆರೆಯನ್ನು ಎಳೆಯುವಾಗಲೇ ತಿದ್ದುತ್ತೀರೋ, ಎಳೆದ ಮೇಲೆ ತಿದ್ದುತ್ತೀರೋ?

1987ರಿಂದ ಇರುವ ಇಲ್ಲಸ್ಟ್ರೇಟರ್ ಎಳೆಯುವಾಗಲೇ ತಿದ್ದುವವರದ್ದು. ಪಿ ಒತ್ತಿ ಶುರು ಮಾಡಿದರೆ ಮುಗಿಯುವವರೆಗೂ ಟೂಲ್ ಬದಲಿಸಬೇಕಿಲ್ಲ. ಡ್ರ್ಯಾಗ್ ಮಾಡುವಾಗ ಆಲ್ಟ್ ಹಿಡಿದರೆ ಒಂದು ಹ್ಯಾಂಡಲ್ ಮಾತ್ರ ತಿರುಗಿ ಮೂಲೆಯಾಗುತ್ತದೆ. ಮೌಸ್ ಬಿಡದೆ ಸ್ಪೇಸ್ ಬಾರ್ ಒತ್ತಿದರೆ ಈಗಷ್ಟೇ ಇಟ್ಟ ಬಿಂದುವನ್ನೇ ಸರಿಸಬಹುದು. ಕಂಟ್ರೋಲ್ ಹಿಡಿದರೆ ಹಿಂದಿನ ಬಿಂದುಗಳನ್ನೂ ತಿದ್ದಬಹುದು. ಆದರೆ ಅದಕ್ಕೆ ಮೊದಲು ಎ ಒತ್ತಿ, ಬಿಂದುಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಡೈರೆಕ್ಟ್ ಸೆಲೆಕ್ಷನ್ ಟೂಲ್ ತೆಗೆದುಕೊಂಡು, ಆಮೇಲೆ ಪಿ ಒತ್ತಿರಬೇಕು. ಈ ಸಣ್ಣ ಗುಟ್ಟು ಗೊತ್ತಿಲ್ಲದೆ ಎಷ್ಟೋ ಜನ ಬೇಸತ್ತು ಬಿಟ್ಟುಬಿಡುತ್ತಾರೆ. ಕೈಗೆ ಇಷ್ಟು ಬಂದ ಮೇಲೆ ಕೊಕ್ಕರೆಯ ಕತ್ತು ಒಂದೇ ಓಟದಲ್ಲಿ ಬರುತ್ತದೆ, ಅಷ್ಟು ಸಲೀಸು. ಆದರೆ ಮೊದಲ ದಿನವೇ ಎರಡೂ ಕೈಗೆ ಇಷ್ಟೊಂದು ಕೆಲಸ ಕೊಡುವುದು ಹೊಸಬರಿಗೆ ಭಾರ.

ಇಂಕ್‌ಸ್ಕೇಪ್‌ನಲ್ಲಿ ದಾರಿ ಬೇರೆ. ಬಿ ಒತ್ತಿ, ತಿರುವು ಬರುವ ಕಡೆಯೆಲ್ಲ ಸುಮ್ನೆ ಕ್ಲಿಕ್ ಮಾಡುತ್ತಾ ಹೋಗಿ. ಮೊದಲು ಕೊಕ್ಕರೆ ಮುರುಕು ಮುರುಕಾಗಿಯೇ ಕಾಣಲಿ. ಎಂಟರ್ ಒತ್ತಿ ಮುಗಿಸಿ, ಎನ್ ಒತ್ತಿ ನೋಡ್ ಟೂಲ್‌ಗೆ ಬನ್ನಿ. ಈಗ ಎರಡು ನೋಡ್‌ಗಳ ನಡುವಿನ ಗೆರೆಯನ್ನೇ ಹಿಡಿದು ಎಳೆದರೆ ಅದು ಬಾಗುತ್ತದೆ. ನೋಡ್ ಆರಿಸಿ ಶಿಫ್ಟ್ ಜೊತೆ ಎಸ್ ಒತ್ತಿದರೆ ನಯ, ಶಿಫ್ಟ್ ಜೊತೆ ಸಿ ಒತ್ತಿದರೆ ಮೂಲೆ. ಇದೇ ಆಯ್ಕೆಗಳು ಮೇಲಿನ ಪಟ್ಟಿಯಲ್ಲಿ ಬಟನ್‌ಗಳಾಗಿಯೂ ಇವೆ, ಕೀಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಹ್ಯಾಂಡಲ್ ತಿರುಗಿಸಿದರೆ ಗೆರೆ ಏನಾಗುತ್ತದೆ ಎಂದು ನಿಧಾನವಾಗಿ ನೋಡಲು ಇಲ್ಲಿ ಪುರುಸೊತ್ತು ಸಿಗುತ್ತದೆ. ಕಲಿಕೆ ಆಗುವುದೇ ಅಲ್ಲಿ, ಅಲ್ವಾ? ಇನ್ನೊಂದು ಮಾಡಿ ನೋಡಿ: ಒಂದು ವೃತ್ತ ಬಿಡಿಸಿ ಅದನ್ನು ಪಾತ್ ಆಗಿ, ಅಂದರೆ ನೋಡ್ ಹಿಡಿದು ತಿದ್ದಬಹುದಾದ ಗೆರೆಯಾಗಿ ಬದಲಿಸಿ. ನಾಲ್ಕೇ ನೋಡ್ ಇರುತ್ತವೆ, ಪ್ರತಿ ಹ್ಯಾಂಡಲ್ ತ್ರಿಜ್ಯದ ಸುಮಾರು 55% ಉದ್ದ. ಇಷ್ಟು ಕಡಿಮೆ ನೋಡ್‌ಗಳಲ್ಲಿ ಇಡೀ ವೃತ್ತ ನಿಲ್ಲುತ್ತದೆ ಎಂದು ಕಂಡ ಮೇಲೆ, ಕತ್ತಿನ ತುಂಬ ನೋಡ್ ಚುಚ್ಚುವ ಅಭ್ಯಾಸ ತಾನಾಗಿಯೇ ಬಿಡುತ್ತದೆ.

ಹ್ಯಾಂಡಲ್ ಮುಟ್ಟದೆ ನಯವಾದ ಗೆರೆ ಬೇಕೆಂದರೆ ಇಲ್ಲಸ್ಟ್ರೇಟರ್‌ನಲ್ಲಿ ಕರ್ವೇಚರ್ ಟೂಲ್ ಇದೆ, ಇಂಕ್‌ಸ್ಕೇಪ್‌ನಲ್ಲಿ ಸ್ಪೈರೋ ಇದೆ. ಇಲ್ಲಿ ನನ್ನ ಮತ ಕರ್ವೇಚರ್‌ಗೆ. ಸ್ಪೈರೋ ಗೆರೆ ಚಂದವೇ, ಆದರೆ ಒಂದು ನೋಡ್ ಸರಿಸಿದರೆ ಕೆಲವೊಮ್ಮೆ ಆಚೀಚೆಯ ಗೆರೆಗಳೂ ಎಲ್ಲೆಲ್ಲೋ ಸುತ್ತಿಕೊಳ್ಳುತ್ತವೆ.

ಫಿಗ್ಮಾ ಗೆದ್ದದ್ದು ಕಾಲಿನಲ್ಲಿ. ಉಳಿದ ಎರಡರಲ್ಲಿ ಒಂದು ನೋಡ್‌ಗೆ ಎರಡಕ್ಕಿಂತ ಜಾಸ್ತಿ ಗೆರೆ ಸೇರುವುದಿಲ್ಲ. ಬೆರಳುಗಳನ್ನು ಬೇರೆ ಬೇರೆ ಪಾತ್ ಮಾಡಿ ತುದಿ ಜೋಡಿಸಬೇಕು, ಪಾದ ಸರಿಸುವಾಗ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಕು. ಫಿಗ್ಮಾದ ವೆಕ್ಟರ್ ನೆಟ್‌ವರ್ಕ್‌ನಲ್ಲಿ ಒಂದೇ ಬಿಂದುವಿನಿಂದ ಎಷ್ಟು ಗೆರೆ ಬೇಕಾದರೂ ಹೊರಡಬಹುದು. ಬಿಂದು ಸರಿಸಿದರೆ ಬೆರಳುಗಳೆಲ್ಲ ಜೊತೆಗೇ ಬರುತ್ತವೆ. ಐಕಾನ್ ಮಾಡುವವರಿಗೆ ಇದು ದೊಡ್ಡ ಉಪಕಾರ. ಕತ್ತು, ಕೊಕ್ಕಿನ ವಿಷಯದಲ್ಲಿ ವಿಶೇಷವೇನೂ ಕಾಣಲಿಲ್ಲ.

ಹೊಸಬರಿಗೆ ನಾನು ಇಂಕ್‌ಸ್ಕೇಪ್ ಅನ್ನೇ ಹೇಳುತ್ತೇನೆ. ಉಚಿತ ಎನ್ನುವುದು ಒಂದು ಕಾರಣ, ನೋಡ್ ಟೂಲ್ ಅದಕ್ಕಿಂತ ದೊಡ್ಡ ಕಾರಣ. ದಿನಾ ಚಿತ್ರ ಬಿಡಿಸುವ ಕೆಲಸ ಸಿಕ್ಕಾಗ ಇಲ್ಲಸ್ಟ್ರೇಟರ್‌ಗೆ ಹೋಗಿ, ವೇಗ ಅಲ್ಲಿದೆ. ಇಂಕ್‌ಸ್ಕೇಪ್ ಉಳಿಸುವುದು ಎಸ್‌ವಿಜಿ ಫೈಲ್ ಆಗಿ. ಅದನ್ನು ಇಲ್ಲಸ್ಟ್ರೇಟರ್ ತೆರೆಯುತ್ತದೆ, ಫಿಗ್ಮಾ ಕೂಡ ಒಳಗೆ ತೆಗೆದುಕೊಳ್ಳುತ್ತದೆ. ಬಿಡಿಸಿದ ಗೆರೆಗಳನ್ನು ಅಲ್ಲಿಯೂ ನೋಡ್ ಹಿಡಿದು ತಿದ್ದಬಹುದು.