ಕತೆ ಬೇಕಾದರೆ ಉಡುಪಿ ಎಕ್ಸ್‌ಪ್ರೆಸ್ ಹತ್ತಿ

ಮಂಗಳೂರು–ಉಡುಪಿ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳಿಗೆ ನಾನು ಕೊಡುವುದು ಐದಕ್ಕೆ ನಾಲ್ಕು ಅಂಕ. ಬರೀ ಪ್ರಯಾಣದ ಲೆಕ್ಕ ಹಾಕಿದರೆ ಮೂರೇ. ಉಳಿದ ಒಂದು ಅಂಕ ನನ್ನೊಳಗಿನ ಕತೆ ಬರೆಯುವವಳ ಕಡೆಯಿಂದ.

ದೀಪಾವಳಿ ವಿಶೇಷಾಂಕಕ್ಕೆ ಕತೆ ಕೊಡುತ್ತೇನೆ ಅಂತ ಒಪ್ಪಿಕೊಂಡಾಗಿದೆ. ಸಂಪಾದಕರು ಪುಟವನ್ನೂ ತೆಗೆದಿಟ್ಟಿದ್ದಾರಂತೆ. ತಲೆಯಲ್ಲಿ ಮಾತ್ರ ಏನೂ ಇಲ್ಲ. ಇಂಥ ಹೊತ್ತಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ ಅಲ್ವಾ, ಸಮುದ್ರದ ಬದಿಗೆ ಹೋಗಿ ಕೂತ್ಕೊಳ್ಳಿ ಅಂತ. ತಣ್ಣೀರುಬಾವಿ ಬೀಚಿನಲ್ಲಿ ಕೂತರೆ ನನಗೆ ಹಸಿವಾಗುತ್ತದೆ. ಚುರುಮುರಿ ತಿಂದು ವಾಪಸ್ ಬರುತ್ತೇನೆ. ಕೆಫೆಗಳಲ್ಲಿ ಎಲ್ಲರ ಕಿವಿಯಲ್ಲೂ ಇಯರ್‌ಫೋನು, ಮಾತೇ ಇಲ್ಲ. ಹಾಗಾಗಿ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಹೋಗಿ ಬಸ್ಸು ಹತ್ತುತ್ತೇನೆ. ಉಡುಪಿಯಲ್ಲಿ ಕೆಲಸ ಇರಲೇಬೇಕೆಂದಿಲ್ಲ.

ಸರ್ವಿಸ್ ಬಗ್ಗೆ ದೂರುವ ಹಾಗಿಲ್ಲ. ಒಂದು ಬಸ್ಸು ಹೊರಡುವಾಗ ಹಿಂದಿನದ್ದು ಬಂದು ನಿಂತಿರುತ್ತದೆ. ಟೈಮಿಂಗ್ ವಿಷಯಕ್ಕೆ ಎರಡು ಬಸ್ಸಿನವರ ಜಗಳ ನೋಡಲು ಸಿಕ್ಕಿದರೆ ಅದು ಬೋನಸ್ಸು. ಜ್ಯೋತಿ, ಪಿವಿಎಸ್, ಲಾಲ್‌ಬಾಗ್ ಅಂತ ಊರೊಳಗಿನ ಸ್ಟಾಪುಗಳನ್ನು ದಾಟುವಷ್ಟರಲ್ಲಿ ಬಸ್ಸು ಭರ್ತಿ. ಕೊಟ್ಟಾರ ಚೌಕಿಯಿಂದ ಆಚೆ ಹೆದ್ದಾರಿ 66, ಆಮೇಲೆ ಡ್ರೈವರನ ಕಾಲು ಎಕ್ಸಲರೇಟರ್ ಬಿಡುವುದಿಲ್ಲ. ಸರಕಾರಿ ಬಸ್ಸುಗಳಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಆದರೆ ಈ ರೂಟಿನಲ್ಲಿ ಖಾಸಗಿಯವರದ್ದೇ ಕಾರುಬಾರು. ನಾವು ದುಡ್ಡು ಕೊಟ್ಟೇ ಹೋಗುವವರು.

ಕೊಟ್ಟದ್ದಕ್ಕೆ ಮೋಸ ಇಲ್ಲ. ಯಾಕೆಂದರೆ ಈ ಬಸ್ಸಿನಲ್ಲಿ ಯಾವ ಮಾತೂ ಪೂರ್ತಿ ಕೇಳಲು ಸಿಗುವುದಿಲ್ಲ. ಕತೆಗಾರರಿಗೆ ಬೇಕಾದದ್ದು ಅದೇ. ರೈಲಿನಲ್ಲಿ ಎದುರು ಕೂತವರು ಮಗಳ ಮದುವೆಯಿಂದ ಹಿಡಿದು ತಮ್ಮ ಮೊಣಕಾಲಿನ ಆಪರೇಷನ್ನಿನವರೆಗೆ ಎಲ್ಲ ಹೇಳಿ ಮುಗಿಸುತ್ತಾರೆ. ಕೇಳಿದ ಮೇಲೆ ಬರೆಯಲು ಏನು ಉಳಿಯಿತು? ಎಕ್ಸ್‌ಪ್ರೆಸ್ಸಿನಲ್ಲಿ ಹಾಗಲ್ಲ. ಮೊನ್ನೆ ಸುರತ್ಕಲ್ಲಿನಲ್ಲಿ ಇಬ್ಬರು ಹೆಂಗಸರು ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತರು. ತುಳುವಿನಲ್ಲಿ ಮಾತು, ಅದೂ ಮೆಲ್ಲಗೆ. ಹಳೆಯಂಗಡಿ ಹತ್ತಿರ ಬರುವಾಗ ಒಬ್ಬರು ಹೇಳಿದರು, "ಚಿನ್ನ ಎಲ್ಲ ವಾಪಸ್ ತಂದುಕೊಟ್ಟ. ಆದರೆ ಪೆಟ್ಟಿಗೆ ನಮ್ಮದಲ್ಲ." ಇನ್ನೊಬ್ಬರು "ಅಯ್ಯೋ" ಅಂದರು. ಮುಲ್ಕಿ ಬಂತು, ಇಬ್ಬರೂ ಇಳಿದರು. "ರೈಟ್ ಪೋಯಿ" ಅಂತ ಕಂಡಕ್ಟರ್ ಸೀಟಿ ಊದಿದ. ಹಿಂದೆಯೇ ಇಳಿದು ಕೇಳಿಬಿಡುವ ಅನ್ನಿಸಿತು. ಪುಣ್ಯಕ್ಕೆ ಬಾಗಿಲ ಬಳಿ ರಶ್ಶಿತ್ತು.

ಇನ್ನು ತೊಂದರೆಗಳು. ಬರೆದುಕೊಳ್ಳಲು ಆಗುವುದಿಲ್ಲ, ನನ್ನ ಪುಸ್ತಕದಲ್ಲಿ ಪಡುಬಿದ್ರಿಯಿಂದ ಕಾಪುವರೆಗಿನ ಅಕ್ಷರ ನನಗೇ ಓದಲು ಬರುವುದಿಲ್ಲ. ಕೆಲವು ಬಸ್ಸುಗಳಲ್ಲಿ ಸ್ಪೀಕರ್ ಸರಿಯಾಗಿ ತಲೆ ಮೇಲೆಯೇ ಇರುತ್ತದೆ. ಒಂದು ಬಸ್ಸಿನಲ್ಲಂತೂ ಉದ್ದಕ್ಕೂ ಹಾಡು ಹಾಕಿ ಒಂದು ಮಾತೂ ಕಿವಿಗೆ ಬೀಳದ ಹಾಗೆ ಮಾಡಿದರು. ಸ್ವಲ್ಪ ಕಡಿಮೆ ಮಾಡಿ ಅಂದದ್ದಕ್ಕೆ, "ಡ್ರೈವರಿಗೆ ನಿದ್ದೆ ಬರ್ತದೆ ಅಕ್ಕ" ಅಂದ ಕಂಡಕ್ಟರ್. ಆಮೇಲೆ ನಾನು ಸುಮ್ಮನಾದೆ. ಓವರ್‌ಟೇಕ್ ಮಾಡುವುದನ್ನು ನೋಡಲಾಗದವರು ಎದುರಿನ ಸೀಟಿನಲ್ಲಿ ಕೂರಬೇಡಿ. ಡ್ರೈವರನ ಹಿಂದೆ ಮೂರನೆಯದೋ ನಾಲ್ಕನೆಯದೋ ಸಾಲು ಒಳ್ಳೆಯದು. ಹೆಂಗಸರ ಮಾತು ಕೇಳುತ್ತದೆ, ಕಂಡಕ್ಟರನ ಫೋನೂ ಕೇಳುತ್ತದೆ. ಮಧ್ಯಾಹ್ನದ ಮೇಲೆ ಉಡುಪಿ ಕಡೆ ಹೋಗುವುದಾದರೆ ಎಡಬದಿಗೆ ಬಿಸಿಲು ಜಾಸ್ತಿ.

ಹಳೆಯ ಕಾಲದ ಕತೆ ಬೇಕೆನ್ನುವವರಿಗೂ ಈ ದಾರಿಯಲ್ಲಿ ಸರಕು ಇದೆ. ಕೂಳೂರು, ಪಾವಂಜೆ, ಮುಲ್ಕಿ, ಉದ್ಯಾವರ ಅಂತ ಹೊಳೆಯ ಮೇಲೆ ಹೊಳೆ. ಸೇತುವೆ ಇಲ್ಲದಾಗ ಬಸ್ಸಿಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕಿತ್ತು ಅಂತ ಮನೆಯ ಹಿರಿಯರು ಹೇಳುತ್ತಿದ್ದರು. ದೋಣಿ ತಪ್ಪಿದವರು ರಾತ್ರಿ ಎಲ್ಲಿ ಮಲಗಿದರು? ಅಷ್ಟು ಸಾಕಲ್ವಾ.

ನನಗೆ ಸಿಕ್ಕಿದ್ದು ಮಾತ್ರ ವಾಪಸ್ ಬರುವಾಗ. ಕಟಪಾಡಿಯಲ್ಲಿ ಶಂಕರಪುರದ ಮಲ್ಲಿಗೆಯ ಕಟ್ಟು ಬಸ್ಸಿಗೆ ಹಾಕುತ್ತಾರೆ. ನಾಲ್ಕು ಚೆಂಡು ಹೂವಿಗೆ ಒಂದು ಅಟ್ಟೆ, ಅದು ಈ ಮಲ್ಲಿಗೆಯ ಲೆಕ್ಕ. ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಒದ್ದೆ ಒದ್ದೆಯಾಗಿ ಬರುತ್ತದೆ. ಆವತ್ತು ಹೂವಿನ ಜೊತೆ ಒಂದು ಕಂದು ಲಕೋಟೆಯೂ ಬಂತು. ನಾಲ್ಕು ಬದಿಗೂ ಗಮ್‌ಟೇಪು. ಮೇಲೆ ಹೆಸರಿಲ್ಲ, ಬಾಲ್‌ಪೆನ್ನಿನಲ್ಲಿ ಒಂದು ಫೋನ್ ನಂಬರು ಮಾತ್ರ. ಕಡೆಯ ಎರಡು ಅಂಕೆಗೆ ಹೂವಿನ ನೀರು ತಾಗಿ ಶಾಯಿ ಹರಡಿತ್ತು. ಮುಲ್ಕಿಯಲ್ಲಿ ಜನ ಬಂದು ತೆಗೆದುಕೊಳ್ಳುತ್ತಾರೆ ಅಂತ ಕೊಟ್ಟವರು ಹೇಳಿದ್ದರಂತೆ. ಮುಲ್ಕಿಯಲ್ಲಿ ಯಾರೂ ಬರಲಿಲ್ಲ. ಕಂಡಕ್ಟರ್ ಕೆಳಗಿಳಿದು ಆಚೀಚೆ ನೋಡಿದ. "ಎಂತ ಮಾಡುದು ಮಾರಾಯ್ರೆ" ಅಂತ ಡ್ರೈವರನ್ನು ಕೇಳಿದ. ಹಿಂದಿನ ಬಸ್ಸು ಹಾರ್ನ್ ಹಾಕುತ್ತಿತ್ತು. ಲಕೋಟೆ ಎಂಜಿನ್ ಪೆಟ್ಟಿಗೆಯ ಮೇಲೆ ಕೂತು ನಮ್ಮ ಜೊತೆ ಮಂಗಳೂರಿಗೆ ಬಂತು.

ವಿಶೇಷಾಂಕಕ್ಕೆ ಅದನ್ನೇ ಹಿಡಿದುಕೊಂಡಿದ್ದೇನೆ. ನನ್ನ ಕತೆಯಲ್ಲಿ ಲಕೋಟೆಯನ್ನು ಕಂಡಕ್ಟರ್ ಮನೆಗೆ ಒಯ್ಯುತ್ತಾನೆ, ಅವನ ಹೆಂಡತಿ ಆ ನಂಬರಿನ ಕಡೆಯ ಎರಡು ಅಂಕೆಗಳನ್ನು ಒಂದೊಂದಾಗಿ ಊಹಿಸಿ ಫೋನ್ ಮಾಡುತ್ತಾ ಹೋಗುತ್ತಾಳೆ. ಸದ್ಯ ಏಳನೇ ಫೋನಿನವರೆಗೆ ಬರೆದಾಗಿದೆ.